ಮಿಂಚುಳ್ಳಿಯ ಎರಡು ಚೂರಿ

ಬೆಂಗಳೂರಿನ ಹಾಸ್ಟೆಲಿನಿಂದ ದಸರಾ ರಜೆಗೆ ಕುಂದಾಣಕ್ಕೆ ಬಂದ ಸುನಿಲ್‌ಕುಮಾರ್ ಬಟ್ಟೆಗಂಟಿನ ಜೊತೆ ಒಂದು ಆಟವನ್ನೂ ಹೊತ್ತು ತಂದಿದ್ದ. ಹಲಗೆ ಇಲ್ಲ, ಕಾಯಿ ಇಲ್ಲ. ಸೀನಿಯರ್ ಒಬ್ಬನಿಂದ ಇಸ್ಕೊಂಡು ಜೆರಾಕ್ಸ್ ಮಾಡಿಸಿದ ನಿಯಮಗಳ ಕಟ್ಟು, ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿಟ್ಟ ಇಪ್ಪತ್ತು ಮುಖದ ಒಂದು ದಾಳ, ಅಷ್ಟೇ. ಒಬ್ಬ ಕತೆ ನಡೆಸಬೇಕು. ಮಿಕ್ಕವರು ತಲೆಗೊಂದು ಪಾತ್ರ ಕಟ್ಟಿಕೊಂಡು, ಅದರೊಳಗೆ ಹೊಕ್ಕು ಮಾತಾಡಬೇಕು. ಬೀಸಿದ ಏಟು ಬಿತ್ತೋ ತಪ್ಪಿತೋ, ದಾಳ ಹೇಳುತ್ತದೆ.

ಅವನ ಚಿಕ್ಕಪ್ಪನ ಮಗಳು ಶಶಿರೇಖಾಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕತೆ ಕೇಳುತ್ತಲೇ ಬೆಳೆದವಳು ಅವಳು. ಪಿಯುಸಿ ಮುಗಿದ ಮೇಲೂ ಬಾವಿಕಟ್ಟೆಯ ಹತ್ತಿರ ಕೊಡ ತುಂಬಿ ಹರಿಯುವವರೆಗೂ ಯಾವುದೋ ಲೋಕದಲ್ಲಿ ಇದ್ದುಬಿಡುತ್ತಿದ್ದಳು. ಅಜ್ಜಿಯ ಕತೆಗಳ ಮೇಲೆ ಅವಳಿಗಿದ್ದ ತಕರಾರು ಒಂದೇ. ಅಲ್ಲಿನ ಹೆಣ್ಣುಮಕ್ಕಳು ಹೂವಾಗಿಯೋ ಹಣ್ಣಾಗಿಯೋ ಗಿಡದ ಮೇಲಿದ್ದು, ಯಾರಾದರೂ ಬಂದು ಮುಟ್ಟಲಿ ಅಂತ ಕಾಯುತ್ತಿದ್ದರು.

“ನೀನು ಮದ್ದು ಕೊಡೋಳಾಗು ಕಣೇ,” ಎಂದ ಪಕ್ಕದ ಮನೆಯ ಮುನಿಕೃಷ್ಣ, ರಜೆಯ ಕೊನೆಯ ಬೆಳಿಗ್ಗೆ ಜಗಲಿಯ ಮೇಲೆ. ಅವನು ಆಗಲೇ ಗಂಡುಗೊಡಲಿಯ ಭೈರವನಾಗಿ ಎದೆಯುಬ್ಬಿಸಿ ಕೂತಿದ್ದ. “ನಂಗೆ ಏಟು ಬಿದ್ರೆ ಸೊಪ್ಪು ಅರೆದು ಹಚ್ಚೋಕೆ ಒಬ್ರು ಬೇಕಲ್ಲ.”

“ನಿನ್ನ ಗಾಯ ನೀನೇ ನೆಕ್ಕೋ. ನನ್ನೋಳು ಎರಡು ಕೈಲೂ ಚೂರಿ ಹಿಡಿಯೋಳು.”

ಸುನಿಲ ಜೆರಾಕ್ಸ್ ಹಾಳೆ ತಿರುವಿ ತಲೆಯಾಡಿಸಿದ. “ನೋಡೋಕೆ ಚೆನ್ನಾಗಿರುತ್ತೆ, ಬೇಗ ಸಾಯ್ತಾಳೆ. ಚೂರಿ ಏಟು ಚಿಕ್ಕದು. ಪಳಗದ ಕೈ ಏಟಿಗೆ ನಾಲ್ಕು ದಂಡ, ಬಿದ್ದ ದಾಳದಲ್ಲಿ ನಾಲ್ಕು ಕಳೀಬೇಕು. ಕೈಲಿ ಗುರಾಣಿ ಬೇರೆ ಇರಲ್ಲ. ಕತ್ತಿ ಗುರಾಣಿ ತಗೊಳ್ಳೇ.”

“ಊಹೂಂ.”

“ಹಂಗಾದ್ರೆ ಒಂದು ಮಾತು. ಸಂಜೆ ಬಸ್ಸಿಗೆ ನಾನು ಹೊರಡ್ತೀನಿ, ಮಧ್ಯಾಹ್ನದ್ದೇ ಈ ರಜಾದ ಕೊನೇ ಆಟ. ಅದರಲ್ಲಿ ಸತ್ಲು ಅಂದ್ರೆ ದೀಪಾವಳಿಗೆ ಬಾಯಿ ಮುಚ್ಕೊಂಡು ಮದ್ದು ಕೊಡೋಳಾಗ್ಬೇಕು.”

ಶಶಿರೇಖಾ ಒಪ್ಪಿದಳು. ಲೂಡೋ ದಾಳಗಳನ್ನು ಕುಲುಕಿ ಹಾಕಿ ಬಂದದ್ದನ್ನು ಹಾಳೆಯ ಮೇಲೆ ಬರೆದುಕೊಂಡಳು. ಬಲ ಆರು, ಚುರುಕು ಹದಿನೇಳು. ಮುನಿಕೃಷ್ಣ ಬಲದ ಅಂಕಿ ನೋಡಿ, “ಇವಳು ಚೂರಿ ಎತ್ತೋಕೇ ಇಬ್ರು ಬೇಕಾಗ್ತಾರೆ,” ಎಂದು ನಕ್ಕ. ಅವಳು ಹಾಳೆ ಮಡಚಿಕೊಂಡು ಎದ್ದು, ನೇರವಾಗಿ ಹಿತ್ತಲಿನ ರೇಷ್ಮೆಹುಳದ ಮನೆಗೆ ನಡೆದಳು.

ಅವಳ ಮನಸ್ಸಿನಲ್ಲಿದ್ದ ಹೆಣ್ಣು ಅಲ್ಲಿದ್ದಳು. ಅಪ್ಪನ ಅಕ್ಕ ಮುನಿರತ್ನಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಮನೆಯ ರೇಷ್ಮೆಯನ್ನೆಲ್ಲ ಕೈಗೆ ತೆಗೆದುಕೊಂಡವಳು. ಈಗಷ್ಟೇ ಮೊಟ್ಟೆಯೊಡೆದು ಬಂದ ಹುಳಗಳು ಎಳ್ಳಿಗಿಂತ ಸಣ್ಣ. ಅವಕ್ಕೆ ಹಿಪ್ಪುನೇರಳೆ ಸೊಪ್ಪನ್ನು ನೂಲಿನ ಹಾಗೆ ಸಣ್ಣಗೆ, ಬಾಡುವುದರೊಳಗೆ ಕತ್ತರಿಸಿ ಉದುರಿಸಬೇಕು. ಅತ್ತೆ ಹಲಗೆಯ ಮುಂದೆ ಕೂತು ಎರಡು ಕೈಯಲ್ಲೂ ಚಾಕು ಹಿಡಿದಿದ್ದಳು. ಟಕಟಕಟಕ ಎಂಬ ಸದ್ದಿನೊಳಗೆ ಯಾವ ಕೈ ಮೇಲೆ, ಯಾವ ಕೈ ಕೆಳಗೆ ಎಂಬುದೇ ತಿಳಿಯದು. ಹಸಿರು ರಾಶಿ ಅವಳ ಮುಂದೆ ತಾನೇ ಉಸಿರಾಡುವಂತೆ ಏಳುತ್ತಿತ್ತು, ಹರಡುತ್ತಿತ್ತು, ಮತ್ತೆ ಕೂಡುತ್ತಿತ್ತು. ಅತ್ತೆಯ ಕಣ್ಣು ಮಾತ್ರ ತಟ್ಟೆಯಲ್ಲಿದ್ದ ಹುಳದ ಮೇಲೆ. ಹುಟ್ಟಿದಾಗಿನಿಂದ ನೋಡಿದ್ದರೂ ಅವತ್ತು ಶಶಿರೇಖಾಗೆ ಮೈ ಜುಮ್ಮೆಂದಿತು.

“ಅತ್ತೆ, ಎರಡು ಚಾಕು ಯಾಕೆ? ಬೇಗ ಆಗುತ್ತೆ ಅಂತಲಾ?”

“ಬೇಗ ಏನ್ ಬಂತು. ಒಂದು ಹಿಡ್ಕೊಳ್ಳುತ್ತೆ, ಒಂದು ಕತ್ತರಿಸುತ್ತೆ. ಎರಡೂ ಕತ್ತರಿಸೋಕೆ ಹೋದ್ರೆ ಸೊಪ್ಪು ಹಾರಿ ಮೊಕಕ್ಕೇ ಬೀಳುತ್ತೆ.”

“ಎಡಗೈಲೂ ಹೆಂಗೆ ಕಲಿತೆ?”

“ಕಲಿತಿದ್ದು ಬಲಗೈ ಕಣೇ. ಎಡಗೈ ಹುಟ್ತಾನೇ ಬಂದಿತ್ತು. ಎಡಗೈಲಿ ಉಣ್ತೀನಿ ಅಂತ ನಿಮ್ಮಜ್ಜಿ ಸೀರೆ ಅಂಚು ಹರಿದು ಸೊಂಟಕ್ಕೆ ಕಟ್ಟಿಹಾಕೋಳು. ಬಲಗೈ ಪಾಪ, ಬೇರೆ ದಾರಿ ಇಲ್ದೆ ಕಲ್ತ್ಕೊಂತು. ಬಿಚ್ಚಿದ ಮೇಲೆ ನೋಡಿದ್ರೆ ಎಡಗೈ ಏನೂ ಮರೆತಿರಲಿಲ್ಲ.” ಅತ್ತೆ ನಕ್ಕಳು. “ಸುಮ್ನೆ ನಿಂತ್ಕೋಬೇಡ, ಆ ಸೊಪ್ಪು ಇತ್ಲಾಗೆ ಎತ್ತಿ ಹಾಕು.”

ಸೊಪ್ಪು ಎತ್ತಿ ಹಾಕುತ್ತಾ ಶಶಿರೇಖಾಗೆ ಅಜ್ಜಿಯ ನೆನಪಾಯಿತು. ರಾಕ್ಷಸನ ಪ್ರಾಣ ಗಿಣಿಯಲ್ಲಿದೆ ಎಂದು ಕಣ್ಣರಳಿಸಿ ಹೇಳುತ್ತಿದ್ದ ಅದೇ ಅಜ್ಜಿ ಮಗಳ ಕೈ ಕಟ್ಟಿದ್ದಳು. ಕಟ್ಟಿದವಳ ಮೇಲೆ ಕೋಪ ಬರಬೇಕಿತ್ತು. ಬಂದದ್ದು, ಕಟ್ಟಿಸಿಕೊಂಡು ಎರಡು ಕೈ ಸಂಪಾದಿಸಿದವಳ ಮೇಲೆ ಬೆರಗು.

ಜಗಲಿಗೆ ಮರಳಿ ಅವಳು ಪಾತ್ರವನ್ನು ಸುನಿಲನ ಮುಂದಿಟ್ಟಳು. ಹೆಸರು ಮಿಂಚುಳ್ಳಿ. ಎಡಚಿ. ಚಿಕ್ಕಂದಿನಲ್ಲಿ ಆ ಕೈ ಕಟ್ಟಿದ್ದರಿಂದ ಬಲಗೈಯೂ ಪಳಗಿದೆ. ಬಲಗೈ ಚೂರಿ ಹೊಡೆಯುವುದಿಲ್ಲ, ಎದುರಾಳಿಯ ಕತ್ತಿಯನ್ನು ಒತ್ತಿ ಹಿಡಿಯುತ್ತದೆ. ಹೊಡೆಯುವುದು ಎಡಗೈ.

“ಅಂದ್ರೆ ಒಂದು ಚೂರೀನೇ ಗುರಾಣಿ,” ಎಂದ ಸುನಿಲ ನಿಧಾನವಾಗಿ. ಆಮೇಲೆ ತೊಡೆ ತಟ್ಟಿದ. “ಥೂ, ಇದು ನಮ್ಮ ಸೀನಿಯರ್‌ಗೂ ಹೊಳೆದಿಲ್ಲ ಕಣೇ! ದಂಡ ನಾಲ್ಕಲ್ಲ, ಎರಡು. ಅದೂ ಬಲಗೈಗೆ ಮಾತ್ರ. ಆದ್ರೂ ಸಾಯ್ತಾಳೆ, ನೋಡ್ತಿರು.”

ಊಟವಾದ ಮೇಲೆ ಆಟ ಕೂಡಿತು. ಬೆಟ್ಟದ ಮೇಲೊಂದು ಪಾಳು ಕೋಟೆ, ಒಳಗೆ ಕಳ್ಳರ ಗುಂಪು. ಭೈರವ ಕೊಡಲಿ ಬೀಸಿಕೊಂಡು ನುಗ್ಗಿದ, ಮೊದಲ ಸುತ್ತಿನಲ್ಲೇ ತಲೆಗೆ ಏಟು ತಿಂದು ಮೂರ್ಛೆ ಬಿದ್ದ. “ಇವಾಗ ಮದ್ದು ಕೊಡೋಳಿದ್ದಿದ್ರೆ!” ಎಂದು ಮುನಿಕೃಷ್ಣ ಗೊಣಗಿದ. ಮಿಂಚುಳ್ಳಿ ಹಿಡಿದಳು, ಕತ್ತರಿಸಿದಳು, ಗೋಡೆಗೆ ಬೆನ್ನು ಕೊಟ್ಟು ಮತ್ತೆ ಹಿಡಿದಳು. ಸುನಿಲನೇ ಸಲಸಲಕ್ಕೂ “ಆಹಾ” ಎನ್ನುತ್ತಿದ್ದ. ಕಳ್ಳರು ಒಬ್ಬೊಬ್ಬರಾಗಿ ಉರುಳಿ ನಾಯಕನೊಬ್ಬ ಉಳಿಯುವ ಹೊತ್ತಿಗೆ ಅವಳ ಜೀವ ಒಂದೇ ಅಂಕಕ್ಕೆ ಇಳಿದಿತ್ತು. ಇನ್ನೊಂದು ಏಟು ಬಿದ್ದರೆ ಮಿಂಚುಳ್ಳಿ ಇಲ್ಲ.

ಸುನಿಲ ಗಂಟಲು ದಪ್ಪ ಮಾಡಿದ. “ಲೇ ಹುಡುಗಿ, ಚೂರಿ ಕೊಡು. ಜೀವ ಉಳಿಸ್ತೀನಿ.”

ಶಶಿರೇಖಾ ದಾಳ ಕೆಳಗಿಟ್ಟಳು. “ಸರಿ. ಬಲಗೈ ಚೂರಿ ನೆಲದ ಮೇಲೆ ಇಡ್ತಾಳೆ.”

ಅವಳು ಹೂಡಿದ ಉಪಾಯವಲ್ಲ ಅದು. ಆ ಮನೆಯಲ್ಲಿ ಚಾಕು ಕುಡುಗೋಲುಗಳನ್ನು ಯಾರೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ. ಒಬ್ಬರು ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಅದೇ ಮನೆಯಲ್ಲಿ ಬೆಳೆದ ಸುನಿಲನ ಬಾಯಿಂದಲೂ ಮಾತು ತಾನಾಗಿ ಜಾರಿತು. “ನಾಯಕ ಬಗ್ಗಿ ಎತ್ಕೊಳ್ತಾನೆ.”



“ಬಗ್ಗಿದ!” ಮುನಿಕೃಷ್ಣ ಮೂರ್ಛೆಯಿಂದಲೇ ಕೂಗಿದ. “ಎಡಗೈಲಿ ಇನ್ನೊಂದು ಇದೆ ಕಣೇ!”

“ಏಯ್, ಇಲ್ಲ ಇಲ್ಲ. ಅವನು ಯಾವ್ದೋ ದೇಶದೋನು, ಕೈಲೇ ಇಸ್ಕೊಳ್ತಾನೆ.”

“ಯಾವ ದೇಶದೋನಾದ್ರೇನು, ಅವರಮ್ಮ ಹೇಳ್ಕೊಟ್ಟಿರ್ತಾಳೆ,” ಎಂದಳು ಶಶಿರೇಖಾ. “ಬಗ್ತಾನೆ ಅಂತ ಹೇಳಿದ್ದು ನೀನೇ.”

ಸುನಿಲ ಜೆರಾಕ್ಸ್ ಹಾಳೆಗಳ ಕಡೆ ನೋಡಿದ, ಅವಳ ಕಡೆ ನೋಡಿದ, ನಗು ತಡೆಯಲಾರದೆ ಕೈ ಚೆಲ್ಲಿದ. “ಹೂಂ, ಬಗ್ಗಿದಾನೆ. ಹನ್ನೊಂದರ ಮೇಲೆ ಬೀಳ್ಬೇಕು. ಹಾಕು.”

ದಾಳ ಚಾಪೆಯ ಮೇಲೆ ಉರುಳಿ ನಿಂತಿತು. ಹದಿನಾರು. ಮುನಿಕೃಷ್ಣನ ಕೇಕೆಗೆ ಮಾಡಿನ ಗುಬ್ಬಿಗಳು ಹಾರಿದವು.

“ಏನ್ರೋ ಅದು, ಹುಳ ಬೆಚ್ಚಲ್ವಾ?” ಅತ್ತೆ ಸೊಪ್ಪಿನ ಬುಟ್ಟಿ ಸೊಂಟದಲ್ಲಿಟ್ಟುಕೊಂಡೇ ಬಂದಳು. ಮೂವರೂ ಒಟ್ಟಿಗೆ ಹೇಳಿದ್ದನ್ನು ಕೇಳಿ ಹುಬ್ಬು ಗಂಟಿಕ್ಕಿದಳು. “ಇವಾಗ ಅವನ ಕುತ್ತಿಗೆ ಮೇಲೆ ಚೂರಿ ಇದೆಯಾ?”

“ಕೊಲ್ತಾಳಾ, ಬಿಡ್ತಾಳಾ, ಇವಳೇ ಹೇಳ್ಬೇಕು,” ಎಂದ ಸುನಿಲ.

“ಕೊಲ್ಬೇಡ ಅನ್ನೇ. ಚೂರಿ ನೆಲಕ್ಕಿಟ್ರೆ ಬಗ್ಗಿ ಎತ್ಕೊಳ್ಳೋನು ಅಂದ್ರೆ, ಮನೇಲಿ ನೆಟ್ಟಗೆ ಬೆಳೆಸಿರೋ ಹುಡುಗ.”

“ಬಿಟ್ಟಿದಾಳೆ,” ಎಂದಳು ಶಶಿರೇಖಾ.

ಸುನಿಲ ಮಂಡಿಯೂರಿದ. ಈ ಸಲ ಕಳ್ಳರ ನಾಯಕನ ದನಿ ಮೆತ್ತಗಿತ್ತು. “ತಾಯೀ, ಈ ವಿದ್ಯೆ ನಿಂಗೆ ಯಾರು ಕಲಿಸಿದ್ದು?”

“ಮುನಿರತ್ನಮ್ಮ ಅಂತ ಇದಾರೆ,” ಎಂದಳು ಮಿಂಚುಳ್ಳಿ. “ಕುಂದಾಣದೋರು.”

“ಅಯ್ಯೋ, ನನ್ನ ಹೆಸರು ಯಾಕೆ ಕಳ್ಳರಿಗೆಲ್ಲ ಹೇಳ್ತೀಯೇ?” ಎನ್ನುತ್ತಾ ಅತ್ತೆ ಬುಟ್ಟಿ ಕೆಳಗಿಟ್ಟು ಜಗಲಿಯಂಚಿನಲ್ಲಿ ಕೂತಳು. ಮುಖ ಕೆಂಪಾಗಿತ್ತು. ಸ್ವಲ್ಪ ಹೊತ್ತು ಸೆರಗಿಗಂಟಿದ ಸೊಪ್ಪಿನ ಚೂರುಗಳನ್ನು ಆರಿಸಿದಳು.

“ಆಮೇಲೇನಾಯ್ತೋ ಸುನಿಲಾ?”