ಕುಮಗಾಯ್ ಅವರ ದುಭಾಷಿ ಮಗಳು

ನಮ್ಮ ಕಾಲೊನಿಯ ಜಪಾನಿ ಶಾಲೆಯನ್ನು ಬ್ರೆಜಿಲ್ ಸರ್ಕಾರ ಎರಡನೇ ಮಹಾಯುದ್ಧದ ಕಾಲದಲ್ಲಿ ಮುಚ್ಚಿಸಿ, ಕಟ್ಟಡವನ್ನು ಪುರಸಭೆಯ ವಶಕ್ಕೆ ಕೊಟ್ಟಿತ್ತು. ಯುದ್ಧ ಮುಗಿದು ಎಂಟೊಂಬತ್ತು ವರ್ಷವಾದರೂ ಅದರ ತುಂಬ ರಸ್ತೆ ರಿಪೇರಿಯ ಸಲಿಕೆ, ಡಾಂಬರಿನ ಪೀಪಾಯಿ. ಕಾಡು ಕಡಿದು, ನಾವೇ ಇಟ್ಟಿಗೆ ಸುಟ್ಟು ಕಟ್ಟಿದ ಶಾಲೆ. ಅದನ್ನು ವಾಪಸು ಕೇಳಲು ನಮ್ಮ ಜಪಾನಿ ಸಂಘದ ಅಧ್ಯಕ್ಷರಾದ ತಾತ್ಸುಜೊ ಕುಮಗಾಯ್ ಮೇಯರ್ ಬಳಿಗೆ ಹೊರಟರು. ಬ್ರೆಜಿಲ್‌ಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರಿಗೆ ಪೋರ್ಚುಗೀಸ್ ಬರುತ್ತಿದ್ದುದು ಸಂತೆಯಲ್ಲಿ ಮೊಟ್ಟೆ ಮಾರುವಷ್ಟು ಮಾತ್ರ. ಹಾಗಾಗಿ ಮಗಳು ಶಿನೋಬುವನ್ನು ಕರೆದುಕೊಂಡು ಹೋದರು. ಅವಳು ಇಲ್ಲೇ ಹುಟ್ಟಿದವಳು, ಪೇಟೆಯ ಸರ್ಕಾರಿ ಶಾಲೆಯಲ್ಲಿ ಟೀಚರು. ನಾನು ಅವರ ಪಕ್ಕದ ತೋಟದವಳು, ನನಗೂ ಎರಡೂ ಭಾಷೆ ಬರುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ನನ್ನ ಹತ್ತಿರವೇ.

ಯುದ್ಧ ಮುಗಿದಾಗ, ಜಪಾನಿ ಪತ್ರಿಕೆಗಳೆಲ್ಲ ನಿಂತುಹೋಗಿ ನಿಜ ಸುದ್ದಿ ತಿಳಿಯದೆ, ನಮ್ಮವರು ಎರಡು ಪಾಲಾಗಿದ್ದರು. ಜಪಾನ್ ಸೋತಿದೆ ಅಂದವರು ಕೆಲವರು, ಗೆದ್ದಿದೆ ಅಂದವರೇ ಹೆಚ್ಚು. ಕುಮಗಾಯ್ ಗೆದ್ದಿದೆ ಅನ್ನುವವರ ಮುಂದಾಳು. ಚಕ್ರವರ್ತಿಗಳು ನಮ್ಮನ್ನೆಲ್ಲ ಕರೆಸಿಕೊಳ್ಳಲು ಹಡಗು ಕಳಿಸುತ್ತಾರೆ ಎಂಬ ಗಾಳಿಮಾತನ್ನು ನಂಬಿ, ತೋಟ ಮಾರಿ, ಹೆಂಡತಿ ಮಗಳೊಂದಿಗೆ ಸಾಂತೋಸ್ ಬಂದರಿಗೆ ಹೋಗಿ ಕಾದು ಕುಳಿತರು. ಹಡಗು ಬರಲಿಲ್ಲ. ತಿರುಗಿ ಬಂದು, ಯಾರದೋ ಜಮೀನಿನಲ್ಲಿ ಕೂಲಿಗೆ ನಿಂತು, ಕೋಳಿ ಸಾಕಿ ಮತ್ತೆ ತಲೆಯೆತ್ತಿದ ಮನುಷ್ಯ. ಆ ವಿಷಯವನ್ನು ಅವರೆದುರು ಯಾರೂ ಎತ್ತುತ್ತಿರಲಿಲ್ಲ.

ಮೇಯರ್ ಅನೀಬಲ್ ಎತ್ತಿದ.

"ಹಡಗು ಕಾಯ್ತಾ ಸಾಂತೋಸ್‌ನಲ್ಲಿ ಕೂತಿದ್ದ ಮುದುಕ ಇವನೇ ಅಲ್ವೇನಮ್ಮ?" ಎಂದು ಶಿನೋಬುವನ್ನು ಕೇಳಿದ. "ಇಂಥ ತಲೆಕೆಟ್ಟೋರ ಕೈಗೆ ಶಾಲೆ ಕೊಟ್ರೆ ಮಕ್ಕಳಿಗೂ ಅದೇ ಹುಚ್ಚು ಹಿಡಿಸ್ತಾರೆ. ಹೇಳು, ನಿಮ್ಮಪ್ಪಂಗೆ ಹಾಗೇ ಹೇಳು."

ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಜಪಾನಿಯಲ್ಲಿ ಹೇಳಿದಳು: "ನಿಮ್ಮ ಹೆಸರು ಕೇಳಿದೀನಿ ಅಂತಿದಾರೆ ಅಪ್ಪ. ನೀವು ಪಟ್ಟ ಕಷ್ಟಾನೂ ಗೊತ್ತಂತೆ. ಶಾಲೆ ವಿಷಯ ಯೋಚ್ನೆ ಮಾಡ್ತಾರಂತೆ."

ಕುಮಗಾಯ್ ಎದ್ದು ನಿಂತರು. ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ಸಾಲದೆಂಬಂತೆ ಮತ್ತೊಮ್ಮೆ ಬಾಗಿದರು. ಮೇಯರ್ ಗಹಗಹಿಸಿ ನಕ್ಕ, ಬಾಗಿಲ ಬಳಿಯ ಗುಮಾಸ್ತರೂ ನಕ್ಕರು. ಇದು ಸ್ನೇಹದ ನಗು ಎಂದುಕೊಂಡು ಕುಮಗಾಯ್ ಅವರೂ ನಕ್ಕುಬಿಟ್ಟರು.

"ಆತ ಬೈದಿದ್ದಲ್ಲ ಅಕ್ಕ, ಅಪ್ಪ ನಕ್ಕಿದ್ದು ನೋಡಿ ಅಲ್ಲೇ ಭೂಮಿಗಿಳಿದುಹೋಗ್ಬೇಕು ಅನ್ನಿಸ್ತು," ಎಂದು ಶಿನೋಬು ಆಮೇಲೆ ನನಗೆ ಹೇಳಿದಳು.

ನಕ್ಕ ಗುಮಾಸ್ತರಲ್ಲಿ ಒಬ್ಬ ನಮ್ಮ ಗೆನ್ಪೆಯ್ ಸುಗಾನ ಅಕ್ಕನ ಮಗ. ಸುಗಾ ಜಪಾನ್ ಸೋತಿದೆ ಎಂದು ಮೊದಲು ಬಾಯಿಬಿಟ್ಟವನು. ಅದಕ್ಕಾಗಿ ಕುಮಗಾಯ್ ಕಡೆಯವರು ಅವನನ್ನು ಊರಲ್ಲಿ ಮಾತಾಡಿಸದೆ ದೂರವಿಟ್ಟಿದ್ದರು. ಸಂಘದ ಸಭೆಯಲ್ಲಿ ಆತ ಹಳೆಯ ಸಿಟ್ಟನ್ನೆಲ್ಲ ಒಟ್ಟಿಗೇ ತೀರಿಸಿಕೊಂಡ.

"ಅಧ್ಯಕ್ಷರೇ, ಹುಚ್ಚ ಅನ್ನಿಸ್ಕೊಂಡು ಎರಡೆರಡು ಸಲ ಬಗ್ಗಿ ನಮಸ್ಕಾರ ಹಾಕಿ ಬಂದ್ರಂತೆ? ನಮ್ಮ ಪಾಲಿಂದೂ ಒಂದು ಹಾಕಿದ್ರಾ ಹೇಗೆ?"

ಸಭೆಯಲ್ಲಿ ಕೆಲವರು ನಕ್ಕರು. ಕುಮಗಾಯ್ ಮಗಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿದ್ದಳು. ಇನ್ನೇನೂ ಕೇಳುವುದು ಉಳಿಯಲಿಲ್ಲ.

ಮನೆಗೆ ಮರಳುವಾಗ ನಾವು ಮೂವರೇ ಇದ್ದೆವು. "ಆ ಮೇಯರ್ ಏನಂದ್ನೋ ಅದನ್ನೇ ಹೇಳು," ಎಂದರು ಕುಮಗಾಯ್. ಶಿನೋಬು ಹೇಳಿದಳು. ಅವರು ದಾರಿಯಲ್ಲೇ ನಿಂತರು.

"ಹಡಗು ಕಾದಿದ್ದು ನಿಜ. ಅದು ನನ್ನ ಪೆದ್ದುತನ, ನಾನು ಅನುಭವಿಸ್ತೀನಿ. ನಿಮ್ಮಮ್ಮಂಗೆ ಆ ಬಂದರಿನ ಚಳೀಲೇ ಕೆಮ್ಮು ಶುರುವಾಗಿದ್ದು, ಅದೂ ನನಗೆ ಗೊತ್ತು. ಆದರೆ ಆ ನಮಸ್ಕಾರ ನನ್ನದಲ್ಲ. ಅದನ್ನ ಯಾಕೆ ಮಾಡಿಸ್ದೆ?"

"ನಿಮಗೆ ನೋವಾಗ್ಬಾರ್ದು ಅಂತ ಅಪ್ಪ."

"ಈಗ ಆಗ್ಲಿಲ್ವಾ?"

ಅಷ್ಟರಲ್ಲಿ ಪುರಸಭೆ ಚುನಾವಣೆ ಬಂತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆಲ್ಲ ಈಗ ಓಟಿತ್ತು. ಅದೇ ಅನೀಬಲ್ ಬ್ಯಾಂಡು ಬಾರಿಸಿಕೊಂಡು ನಮ್ಮ ಸಂಘದ ಮನೆಗೇ ಬಂದ. "ಕಷ್ಟಜೀವಿಗಳು, ನನ್ನ ಪ್ರೀತಿಯ ಜಪಾನಿ ಬಂಧುಗಳು" ಎಂದು ಭಾಷಣ ಬಿಗಿದ. ಶಾಲೆ ಕೊಟ್ಟೇ ಕೊಡುತ್ತೇನೆ ಎಂದ. ಅಧ್ಯಕ್ಷರು ಸ್ವಾಗತದ ಮಾತಾಡಬೇಕಿತ್ತು. ವೇದಿಕೆ ಹತ್ತುವ ಮುಂಚೆ ಕುಮಗಾಯ್ ಮಗಳಿಗೆ, "ಈ ಸಲ ಒಂದಕ್ಷರ ಬಿಡಬೇಡ," ಎಂದದ್ದು ನನ್ನ ಕಿವಿಗೂ ಬಿತ್ತು.

ಅವರು ಜಪಾನಿಯಲ್ಲಿ ಹೇಳಿದ್ದು ಇಷ್ಟು: "ಮೇಯರ್ ಸಾಹೇಬ್ರೇ, ನೀವು ನನ್ನನ್ನ ಹುಚ್ಚ ಅಂದ್ರಿ. ಹಡಗು ಕಾದವನು ನಾನೇ. ನನಗೆ ಅದರ ನಾಚಿಕೆ ಇದೆ. ಆದರೆ ಈ ಮಕ್ಕಳು ಹುಚ್ಚರಲ್ಲ. ಶಾಲೆ ಅವರದು. ಭಿಕ್ಷೆ ಅಂತ ಕೊಡೋದಾದ್ರೆ ಬೇಡ. ಅವತ್ತಿನ ನನ್ನ ನಮಸ್ಕಾರಾನ ವಾಪಸ್ ತಗೋತೀನಿ."

ಶಿನೋಬು ಮೇಯರ್ ಕಡೆ ತಿರುಗಿದಳು. ಎದುರಿಗೆ ಶಾಲೆಗಾಗಿ ಕಾದ ತಾಯಂದಿರು.

"ತಾವು ಬಂದಿದ್ದು ನಮ್ಮ ಭಾಗ್ಯ ಅಂತಿದಾರೆ," ಎಂದಳು ಪೋರ್ಚುಗೀಸಿನಲ್ಲಿ. "ಹಿಂದಿನ ತಪ್ಪಿಗೆ ಅವರಿಗೆ ನಾಚಿಕೆ ಇದೆಯಂತೆ. ಮಕ್ಕಳ ಶಾಲೆ ತಮ್ಮ ಕೈಲಿದೆ ಅಂತಾರೆ."

ಮೇಯರ್ ಎರಡೂ ಕೈ ಚಾಚಿ ಕುಮಗಾಯ್ ಅವರನ್ನು ಬಾಚಿ ತಬ್ಬಿಕೊಂಡ. ಎರಡೂ ಭಾಷೆ ಬಲ್ಲ ನಮ್ಮ ಹುಡುಗ ಹುಡುಗಿಯರು ನೆಲ ನೋಡುತ್ತ ಕುಳಿತರು. ಸುಗಾ ಕೂಡ ನಗಲಿಲ್ಲ. ಮೇಯರ್ ತೋಳಿನೊಳಗೆ ಮರದಂತೆ ನಿಂತ ಕುಮಗಾಯ್, ಆತನ ಭುಜದ ಮೇಲಿಂದ ಮಗಳನ್ನು ನೋಡಿದರು. ಆತ ತಬ್ಬಿದ್ದರಿಂದಲೇ ಅವರಿಗೆ ಎಲ್ಲ ಅರ್ಥವಾಗಿತ್ತು.

ಅನೀಬಲ್ ಗೆದ್ದ, ಶಾಲೆಯೂ ಸಿಕ್ಕಿತು. ಡಾಂಬರು ಕೆರೆದು, ಸುಣ್ಣ ಬಳಿದು, ಮಕ್ಕಳನ್ನು ಕೂರಿಸಿದೆವು. ಜನ ಶಿನೋಬುವನ್ನು ಹೊಗಳಿದರು. ಹೊಗಳಿದಷ್ಟೂ ಅವಳು ಕುಗ್ಗಿದಳು. ಕುಮಗಾಯ್ ಅಧ್ಯಕ್ಷಗಿರಿ ಬಿಟ್ಟರು. ಶಾಲೆಯ ಹೊಸ್ತಿಲು ತುಳಿಯಲಿಲ್ಲ. ಮಗಳನ್ನು ಬೈಯಲೂ ಇಲ್ಲ. ಒಂದು ದಿನ ನನ್ನ ಮನೆಗೆ ಬಂದು, "ನನಗೆ ಇಲ್ಲಿಯವರ ಭಾಷೆ ಕಲಿಸಿಕೊಡಿ," ಎಂದರು.

ವಿದೇಶಿಯರ ಗುರುತಿನ ಚೀಟಿ ಹೊಸದು ಮಾಡಿಸುವ ಸಮಯ ಬಂದಾಗ ಅವರು ಪೊಲೀಸ್ ಠಾಣೆಗೆ ಒಬ್ಬರೇ ಹೊರಟರು. ಶಿನೋಬುವಿಗೆ ತಡೆಯಲಾಗಲಿಲ್ಲ, ನನ್ನನ್ನೂ ಎಳೆದುಕೊಂಡು ಹಿಂದೆಯೇ ಹೋದಳು. ನಾವು ಹೊರಗಿನ ಬೆಂಚಿನ ಮೇಲೆ ಕುಳಿತೆವು, ಒಳಗಿನದೆಲ್ಲ ಕೇಳುತ್ತಿತ್ತು.

"ಏನಂತೀಯೋ ಒಂದೂ ತಿಳಿಯಲ್ಲ ಅಜ್ಜ," ಎಂದು ಗುಮಾಸ್ತ ರೇಗಿದ. "ಮಗಳು ಟೀಚರಲ್ವಾ? ಕರ್ಕೊಂಡು ಬಾ ಹೋಗು."

"ಮಗಳು ಬೇಡ," ಎಂದರು ಕುಮಗಾಯ್, ತೊದಲು ಪೋರ್ಚುಗೀಸಿನಲ್ಲಿ. "ನಾನು ಮಾತು. ನೀನು ನಿಧಾನ ಕೇಳು."

ಶಿನೋಬು ಎದ್ದವಳು ಹಾಗೇ ಕುಳಿತಳು, ಮುಖ ಮುಚ್ಚಿಕೊಂಡಳು. ಒಳಗೆ ಅವರು ಹುಟ್ಟಿದೂರಿನ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿದ್ದರು, ಗುಮಾಸ್ತ ಸರಿಯಾಗಿ ಬರೆದುಕೊಳ್ಳುವವರೆಗೆ.

ಚೀಟಿ ಹಿಡಿದು ಹೊರಬಂದವರು ನಮ್ಮನ್ನು ಕಂಡರು. ಬಸ್ಸಿನಲ್ಲಿ ಬೇರೆ ಸೀಟುಗಳು ಖಾಲಿ ಇದ್ದರೂ ಬಂದು ಮಗಳ ಪಕ್ಕದಲ್ಲೇ ಕುಳಿತರು.