ಪುಟ್ಟಿಯನ್ನು ಬಿಟ್ಟು

ದೊಡ್ಡವಳು ಪರದೇಶದಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದಳು. ಅಲ್ಲಿಯೇ ಮದುವೆಯಾಗಿ, ಅಲ್ಲಿಯ ಪೌರತ್ವವೂ ಸಿಕ್ಕಿ, ಒಬ್ಬ ಮಗನ ತಾಯಿಯಾದ ಮೇಲೆ ಅಪ್ಪ ಅಮ್ಮನನ್ನು ಕಾಯಂ ಆಗಿ ಕರೆಸಿಕೊಳ್ಳಬೇಕೆಂದು ಅರ್ಜಿ ಹಾಕಿದಳು. ಅರ್ಜಿಯಲ್ಲಿ ಮೂರು ಹೆಸರಿದ್ದವು: ಅಪ್ಪ, ಅಮ್ಮ, ಮತ್ತು ತಂಗಿ ಪುಟ್ಟಿ.

ಪುಟ್ಟಿ ಎಂದು ಕರೆಯುತ್ತಿದ್ದರೇ ಹೊರತು ಅವಳಿಗೆ ಮೂವತ್ತು ದಾಟಿತ್ತು. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಗಿತ್ತಂತೆ. ಮಾತು ಬಂತು, ಅಕ್ಷರ ಬರಲಿಲ್ಲ. ತಾನೇ ಊಟ ಮಾಡುತ್ತಿದ್ದಳು, ತಾನೇ ತಲೆ ಬಾಚಿಕೊಳ್ಳುತ್ತಿದ್ದಳು. ಆದರೆ ಸ್ನಾನಕ್ಕೆ ಅಮ್ಮ ಬೇಕು, ರಸ್ತೆ ದಾಟಲು ಯಾರಾದರೂ ಕೈ ಹಿಡಿಯಬೇಕು. ಮಾತ್ರೆ ತಪ್ಪಿದರೆ ಫಿಟ್ಸ್ ಬರುತ್ತಿತ್ತು, ತಪ್ಪದಿದ್ದರೂ ಒಮ್ಮೊಮ್ಮೆ ಬರುತ್ತಿತ್ತು.

ಮನೆಯ ಕೆಳಗೇ ಅಪ್ಪನ ಕಟಿಂಗ್ ಶಾಪ್, ಎರಡು ಕುರ್ಚಿಯದು. ಕೂದಲು ಗುಡಿಸುವುದು, ಟವೆಲು ಮಡಚಿ ಕೊಡುವುದು ಪುಟ್ಟಿಯ ಕೆಲಸ. ಗಿರಾಕಿಗಳ ತಲೆಯ ಬಗ್ಗೆ ಅಭಿಪ್ರಾಯ ಹೇಳುವ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ, ತಾನೇ ವಹಿಸಿಕೊಂಡಿದ್ದಳು. "ನಿಂಗೆ ಕೂದಲೇ ಇಲ್ಲ, ಸುಮ್ನೆ ಯಾಕ್ ಬಂದೆ?" ಎಂದು ಬ್ಯಾಂಕಿನ ಮ್ಯಾನೇಜರನ್ನೇ ಕೇಳಿದ್ದಳು. ಆತ ನಕ್ಕು, ಮುಂದಿನ ತಿಂಗಳೂ ಬಂದಿದ್ದ.

ವೈದ್ಯಕೀಯ ಪರೀಕ್ಷೆಗೆ ಹೋಗುವಾಗ ಮನೆಯವರಿಗೆಲ್ಲ ದಿಗಿಲಿದ್ದದ್ದು ಅಪ್ಪನ ಸಕ್ಕರೆ ಕಾಯಿಲೆಯ ಬಗ್ಗೆ, ಅಮ್ಮನ ಬಿ.ಪಿ. ಬಗ್ಗೆ. ಪುಟ್ಟಿ ಮಾತ್ರ ಹೊಸ ಬಟ್ಟೆ ತೊಟ್ಟು ಹಬ್ಬಕ್ಕೆ ಹೊರಟವಳ ಹಾಗೆ ಹೋಗಿ, ಡಾಕ್ಟರು ಕೇಳುವ ಮೊದಲೇ ನಾಲಿಗೆ ಚಾಚಿ ತೋರಿಸಿ ಬಂದಿದ್ದಳು. ಅಪ್ಪ ಪಾಸಾದ, ಅಮ್ಮನೂ ಪಾಸಾದಳು. ಆಕ್ಷೇಪ ಬಂದದ್ದು ಪುಟ್ಟಿಯ ಹೆಸರಿಗೆ.

ಆ ಪತ್ರವನ್ನು ದೊಡ್ಡವಳು ಎರಡು ಟ್ರಿಪ್ಪುಗಳ ನಡುವೆ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ನಿಂತುಕೊಂಡೇ ಓದಿದಳು. ಅರ್ಜಿಯಲ್ಲಿರುವ ದಂಪತಿಯ ಅವಲಂಬಿತ ಮಗಳ ಆರೈಕೆಯು ದೇಶದ ಆರೋಗ್ಯ ಮತ್ತು ಸಮಾಜ ಸೇವೆಗಳ ಮೇಲೆ ಮಿತಿಮೀರಿದ ಹೊರೆಯಾಗುವ ಸಂಭವವಿದೆ; ಕುಟುಂಬದಲ್ಲಿ ಒಬ್ಬರು ಅನರ್ಹರಾದರೆ ಉಳಿದವರೂ ಅನರ್ಹರು; ಹೇಳುವುದೇನಾದರೂ ಇದ್ದರೆ ಮೂರು ತಿಂಗಳೊಳಗೆ ತಿಳಿಸಬಹುದು. ಭಾಷೆ ಬಹಳ ಮರ್ಯಾದೆಯದಾಗಿತ್ತು. ಅವಳು ಕಾಗದವನ್ನು ಜೇಬಿಗೆ ತುರುಕಿಕೊಂಡು ಬಸ್ಸು ಹತ್ತಿದಳು. ಮೂರನೇ ಸ್ಟಾಪಿನಲ್ಲಿ ಗಾಲಿಕುರ್ಚಿಯ ಮುದುಕರೊಬ್ಬರು ಕೈ ಮಾಡಿದರು. ಅವಳು ಎಂದಿನಂತೆ ಇಳಿದು ಹಲಗೆ ಹಾಸಿ, ಕುರ್ಚಿ ಒಳಗೆ ತಳ್ಳಿ, ಪಟ್ಟಿ ಬಿಗಿದಳು. ಬಸ್ಸಿನ ತುಂಬ ಜನ ತಾಳ್ಮೆಯಿಂದ ಕಾದರು. ಆ ತಾಳ್ಮೆ ಕಂಡು ಅವಳಿಗೆ ಅಂದು ಮೈ ಉರಿದುಹೋಯಿತು.

ವಕೀಲರದ್ದು ನೇರ ಮಾತು. "ನಿಮ್ಮ ತಂಗಿಯ ಖರ್ಚು, ಆರೈಕೆ ಎಲ್ಲ ನಾವೇ ನೋಡ್ಕೊಳ್ತೀವಿ ಅಂತ ಯೋಜನೆ ಬರೆದು ಮನವಿ ಕೊಡಬಹುದು. ಫಿಟ್ಸ್ ಇರೋದ್ರಿಂದ ಒಪ್ಪೋದು ಕಷ್ಟ, ಸುಳ್ಳು ಭರವಸೆ ಕೊಡಲ್ಲ. ಇನ್ನೊಂದು ದಾರಿ ಇದೆ. ಬೇರೆ ಯಾರಾದ್ರೂ ಅವರನ್ನ ಕಾನೂನು ಪ್ರಕಾರ ತಮ್ಮ ವಶಕ್ಕೆ ತಗೊಂಡ್ರೆ, ಅವರು ನಿಮ್ಮ ತಂದೆ ತಾಯಿಯ ಅವಲಂಬಿತರಲ್ಲ ಅಂತಾಗತ್ತೆ. ಆಗ ಅವರನ್ನ ಬಿಟ್ಟು ಇಬ್ಬರದ್ದು ಮಾತ್ರ ಮುಂದುವರಿಸಬಹುದು."

ಈ ಮಾತನ್ನು ಫೋನಿನಲ್ಲಿ ಹೇಳಿದಾಗ ಅಮ್ಮ, "ಚಿಕ್ಕಮ್ಮನ್ನ ಕೇಳಿ ನೋಡ್ತೀನಿ" ಅಂದಳು. ಅಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ದೊಡ್ಡವಳಿಗೆ ಆಶ್ಚರ್ಯವಾಯಿತು. ಖುಷಿಯೂ ಆಯಿತು, ಆ ಖುಷಿಗೆ ಒಳಗೊಳಗೇ ನಾಚಿಕೆಯೂ ಆಯಿತು.

ಚಿಕ್ಕಮ್ಮ ಪಕ್ಕದೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಹಿಂದೆ ಮುಂದೆ ಯಾರೂ ಇಲ್ಲದ ಜೀವ. "ನನಗೂ ಜೊತೆಯಾಗತ್ತೆ. ಆದ್ರೆ ಮೊದಲು ಒಂದು ವಾರ ಬಿಟ್ಟು ನೋಡಿ. ಆಮೇಲೆ ಅತ್ತು ಕರೆದು ಮಾಡಬಾರದು" ಅಂದಳು. ದೊಡ್ಡವಳು ಮಗನನ್ನು ಗಂಡನ ಹತ್ತಿರ ಬಿಟ್ಟು, ರಜೆ ಹಾಕಿ ಊರಿಗೆ ಬಂದಳು. ಎಲ್ಲರೂ ಕೂಡಿ ಪುಟ್ಟಿಯನ್ನು ಹಾಸ್ಟೆಲಿಗೆ ಬಿಟ್ಟುಬಂದರು. ಅತ್ತು ಕರೆಯುವುದಿರಲಿ, ಪುಟ್ಟಿ ಹಿಂತಿರುಗಿ ಸಹ ನೋಡಲಿಲ್ಲ. ಮಹಡಿಯ ಹುಡುಗಿಯರು ಕೈಬೀಸಿ ಕರೆದದ್ದೇ ತಡ, ಚೀಲ ಚಿಕ್ಕಮ್ಮನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿಬಿಟ್ಟಳು.

ದೊಡ್ಡವಳ ಪಾಲಿಗೆ ಅಮ್ಮ ಯಾವಾಗಲೂ ಅರ್ಧ ಎದ್ದು ನಿಂತ ಅಮ್ಮನೇ ಆಗಿದ್ದಳು. ಶಾಲೆಯಲ್ಲಿ ಬಹುಮಾನ ಕೊಡುವ ದಿನ ಅಮ್ಮ ಬಂದಿದ್ದಳು, ಇವಳ ಹೆಸರು ಕೂಗುವ ಹೊತ್ತಿಗೆ ಪುಟ್ಟಿಯನ್ನು ಎತ್ತಿಕೊಂಡು ಹೊರಗೆ ಹೋಗಿದ್ದಳು. ಮೊದಲ ಸಂಬಳದ ಸುದ್ದಿ ಹೇಳುವಾಗಲೂ ಕಿವಿ ಇತ್ತ, ಕಣ್ಣು ಅತ್ತ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಹಾಗೆ ಹೇಳಿಕೊಳ್ಳಲು ಬಾಯಿ ಬರುವ ಸಂಗತಿಯೂ ಅದಲ್ಲ. ಈಗ ಪುಟ್ಟಿ ಹುಟ್ಟಿದಂದಿನಿಂದ ಮೊದಲ ಸಲ ಅಪ್ಪ ಅಮ್ಮ ಇಬ್ಬರೂ ಅವಳೊಬ್ಬಳಿಗೇ ಸಿಕ್ಕಿದ್ದರು.

ಆದರೆ ಸಿಕ್ಕರೆ ತಾನೆ! ಅಮ್ಮ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಳು; ಮೊಮ್ಮಗ ಏನು ತಿನ್ನುತ್ತಾನೆ, ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂದೆಲ್ಲ ಕೇಳುತ್ತಿದ್ದಳು; ಉತ್ತರ ಮುಗಿಯುವುದರೊಳಗೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುತ್ತಿದ್ದಳು. ಬಚ್ಚಲಿಗೆ ಹೋದವಳು ಬಿಸಿನೀರು ಬಿಟ್ಟು, ಯಾರಿಗೆ ಬಿಟ್ಟೆ ಎಂದು ತನಗೇ ತಿಳಿಯದೆ ನಲ್ಲಿ ನಿಲ್ಲಿಸಿ ಬಂದಳು. ಕೆಳಗೆ ಅಂಗಡಿಯಲ್ಲಿ ಬಂದವರೆಲ್ಲ "ಪುಟ್ಟಿ ಎಲ್ಲಿ?" ಎಂದು ಕೇಳಿ ಕೇಳಿ ಅಪ್ಪನಿಗೆ ಸಾಕಾಗಿ ಹೋಯಿತು. ಕತ್ತರಿ ಹಿಡಿದಂದಿನಿಂದ ಒಬ್ಬರಿಗೂ ಗಾಯ ಮಾಡದ ಕೈ ಎರಡನೆಯ ದಿನ ಹಳೆಯ ಗಿರಾಕಿಯೊಬ್ಬರ ಕಿವಿ ಗೀರಿತು. ಅಪ್ಪ ಹತ್ತಿ ಒತ್ತಿ, ಕ್ಷಮೆ ಕೇಳಿ, ಮಧ್ಯಾಹ್ನವೇ ಶಟರ್ ಎಳೆದು ಮೇಲೆ ಬಂದ.

ಮರುದಿನ ಊಟಕ್ಕೆ ಕೂತಾಗ ಅಮ್ಮ, "ಒಂದು ಫೋನ್ ಮಾಡ್ಲಾ?" ಅಂದಳು.

"ಬೆಳಿಗ್ಗೆಯಿಂದ ಎರಡು ಸಲ ಮಾಡಿದ್ಯಲ್ಲಮ್ಮ. ಚೆನ್ನಾಗಿದಾಳೆ ಅಂದ್ರಲ್ಲ ಚಿಕ್ಕಮ್ಮ."

"ಚೆನ್ನಾಗೇ ಇದಾಳೆ. ಅವಳಿಗೇನೂ ಆಗಿಲ್ಲ. ನನಗೇ ತಡ್ಕೊಳ್ಳೋಕಾಗ್ತಿಲ್ಲ."

ದೊಡ್ಡವಳು ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಒಮ್ಮೆಲೇ ಹೊರಬಿತ್ತು. "ಮೂರು ದಿನ ಅಮ್ಮ! ಬರೀ ಮೂರು ದಿನ ನನಗೆ ಅಂತ ಇರೋಕಾಗಲ್ವಾ ನಿನಗೆ? ಅವಳು ಮನೇಲಿದ್ರೂ ಅವಳೇ, ಇಲ್ಲದಿದ್ರೂ ಅವಳೇ. ನಾನೂ ನಿನ್ನ ಹೊಟ್ಟೇಲಿ ಹುಟ್ಟಿದವಳಲ್ವಾ? ನಾನು ಅಲ್ಲಿ ಬೆಳಿಗ್ಗೆ ಎದ್ದು ಹಾಲು ಕುಡಿಯೋ ಮಗೂನ ಯಾರ್ಯಾರದ್ದೋ ಕೈಗೆ ಕೊಟ್ಟು ಬಸ್ಸು ಹತ್ತಿದೀನಿ. ಒಂದು ದಿನಾನಾದ್ರೂ ನನಗಾಗಿ ಹೀಗೆ ಚಡಪಡಿಸಿದ್ಯಾ ನೀನು?"

ಉತ್ತರ ಕೊಟ್ಟವನು ಅಪ್ಪ. ಅವನಿಗೆ ಕತ್ತರಿ ಆಡುವಷ್ಟು ಹೊತ್ತು ಮಾತ್ರ ಮಾತು, ಮನೆಯಲ್ಲಿ ಮೌನಿ.

"ನೀನು ಹೋದಾಗ್ಲೂ ನಿಮ್ಮಮ್ಮ ಹೀಗೇ ಇದ್ಲು ಕಣೆ. ಆರು ತಿಂಗಳು ಸಂಜೆ ಬಾಗಿಲು ಹಾಕೋಕೆ ಬಿಡ್ಲಿಲ್ಲ. ದೊಡ್ಡವಳು ಕೆಲಸ ಮುಗಿಸ್ಕೊಂಡು ಬರ್ತಾಳೆ, ತಟ್ಟಿ ತಟ್ಟಿ ಸುಸ್ತಾಗ್ತಾಳೆ ಅಂತ ಏನೇನೋ ಮಾತಾಡ್ತಿದ್ಲು. ನಿನಗೆ ಗೊತ್ತಿಲ್ಲ ಅಷ್ಟೆ. ನೋಡೋಕೆ ನೀನು ಇಲ್ಲಿರ್ಲಿಲ್ವಲ್ಲ."

ತಾನಿಲ್ಲದ ಮನೆ ಹೇಗಿತ್ತೆಂದು ದೊಡ್ಡವಳು ಯಾವತ್ತೂ ಯೋಚಿಸಿರಲಿಲ್ಲ. ತಾನು ಇದ್ದಾಗಿನ ಅಮ್ಮನನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಇಷ್ಟು ವರ್ಷ ಲೆಕ್ಕ ಹಾಕುತ್ತಿದ್ದಳು.

ಅಮ್ಮ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು: "ಬಾ ಅಂದ್ರೆ ಬರ್ತೀನಮ್ಮ. ಕಾಗದಕ್ಕೆ ಸೈನೂ ಹಾಕ್ತೀನಿ. ನಿನ್ನ ಮಗನ್ನ ಚೆನ್ನಾಗಿ ಸಾಕ್ತೀನಿ. ಆದ್ರೆ ಅಲ್ಲಿ ನಿನಗೆ ಸಿಗೋದು ಈ ಮೂರು ದಿನ ನೋಡಿದ್ಯಲ್ಲ, ಈ ಅಮ್ಮಾನೇ. ಅಷ್ಟು ಸಾಕಾ ನಿನಗೆ? ಸಾಕು ಅಂದ್ರೆ ಹೇಳು."

ಸಾಕು ಎಂದು ಹೇಳಲು ಅವಳಿಗೆ ಆಸೆಯಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದ್ದರೆ ಅಮ್ಮ ಬಂದೇಬಿಡುತ್ತಿದ್ದಳು ಎಂಬುದೂ ಗೊತ್ತಿತ್ತು. ಅವಳು ಎದ್ದು ಕೈ ತೊಳೆದುಕೊಂಡು ಬಂದು, "ಚಪ್ಪಲಿ ಹಾಕ್ಕೊಳ್ಳಿ, ಹೋಗಿ ಕರ್ಕೊಂಡು ಬರೋಣ" ಅಂದಳು.

ಹಾಸ್ಟೆಲಿಗೆ ಹೋದರೆ ಪುಟ್ಟಿ ಬರಲೊಲ್ಲಳು! ಊಟದ ಕೋಣೆಯಲ್ಲಿ ಹುಡುಗಿಯರೆಲ್ಲ ನೆಲದ ಮೇಲೆ ಕೂತು ಟಿವಿಯಲ್ಲಿ ಸಿನಿಮಾ ನೋಡುತ್ತಿದ್ದರು. "ಈಗ ಬರಲ್ಲ. ಸಿನಿಮಾ ಮುಗೀಲಿ" ಎಂದು ಪುಟ್ಟಿ ಕೈ ಕೊಡವಿಕೊಂಡಳು. ಮೂರು ದಿನದಿಂದ ಒದ್ದಾಡಿದ ಅಪ್ಪ ಅಮ್ಮ ಗೋಡೆಯ ಪಕ್ಕ ಎರಡು ಕುರ್ಚಿ ಎಳೆದುಕೊಂಡು ಸಿನಿಮಾ ಮುಗಿಯುವುದನ್ನು ಕಾಯಬೇಕಾಯಿತು. ಅಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಸೆರಗು ಬಾಯಿಗೆ ಒತ್ತಿಕೊಂಡಳು. ಚಿಕ್ಕಮ್ಮ ಅಕ್ಕನ ಮುಖ ನೋಡಿದವಳು ಏನೂ ಕೇಳದೆ ಒಳಗೆ ಹೋಗಿ ಮಾತ್ರೆಯ ಡಬ್ಬಿ, ಬಟ್ಟೆ ಜೋಡಿಸತೊಡಗಿದಳು.

ದೊಡ್ಡವಳು ತಂಗಿಯ ಪಕ್ಕ ನೆಲದ ಮೇಲೆ ಕೂತಳು.

"ಪುಟ್ಟಿ, ಒಂದು ಮಾತು. ನನ್ನೂರಿಗೆ ಹೋಗೋಣ ಅಂದಿದ್ನಲ್ಲ, ಅದು ಆಗಲ್ಲ ಅನ್ಸತ್ತೆ. ಅಲ್ಲಿಯವರು ಬೇಡ ಅಂದ್ರು."

"ನನ್ನನ್ನ?"

ದೊಡ್ಡವಳು "ಹೂಂ" ಅಂದಳು.

"ಅಮ್ಮನ್ನ?"

"ಅಮ್ಮನ್ನೂ. ಅಪ್ಪನ್ನೂ. ಎಲ್ಲರನ್ನೂ."

ಪುಟ್ಟಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಎಲ್ಲರನ್ನೂನಾ? ಹಾಗಾದ್ರೆ ಸರಿ" ಎಂದು ಮತ್ತೆ ಟಿವಿಯ ಕಡೆ ತಿರುಗಿದಳು. ದೊಡ್ಡವಳು ಅವಳ ಭುಜಕ್ಕೆ ತಲೆಯಿಟ್ಟು, ಕಥೆ ತಲೆಬುಡ ತಿಳಿಯದಿದ್ದರೂ ಸಿನಿಮಾವನ್ನು ಕೊನೆಯವರೆಗೂ ನೋಡಿದಳು.

ಹಿಂತಿರುಗಿದ ಮೇಲೆ ಅವಳು ಮೂವರ ಹೆಸರನ್ನೂ ಉಳಿಸಿಕೊಂಡೇ ಮನವಿ ಕೊಟ್ಟಳು. ವಕೀಲರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಮುಂದಿನ ವರ್ಷ ಅರ್ಜಿ ತಿರಸ್ಕೃತವಾಗಿ ಬಂತು. ಓದಿ ಗಂಡನ ಕೈಗೆ ಕೊಟ್ಟಳು. ಅವನು ಓದಿ, "ಇನ್ನೊಂದ್ಸಲ ಹಾಕೋಣ್ವಾ?" ಅಂದ. ಅವಳು ತಲೆಯಾಡಿಸಿ ಬೇಡವೆಂದಳು. ಆ ದಿನ ಅತ್ತಳು, ಮತ್ತೆ ಆ ವಿಷಯ ಎತ್ತಲಿಲ್ಲ.

ಈಗ ಅವಳೇ ವರ್ಷಕ್ಕೊಮ್ಮೆ ರಜೆಯನ್ನೆಲ್ಲ ಒಟ್ಟು ಮಾಡಿ ಮಗನೊಂದಿಗೆ ಊರಿಗೆ ಹೋಗುತ್ತಾಳೆ. ಅಮ್ಮ ಒಂದೇ ಒಂದು ಸಲ ಪುಟ್ಟಿಯನ್ನು ಚಿಕ್ಕಮ್ಮನ ಹತ್ತಿರ ಬಿಟ್ಟು, ಪ್ರವಾಸಿ ವೀಸಾದ ಮೇಲೆ ಬಂದು, ಒಂದು ತಿಂಗಳಿದ್ದು ಹೋದಳು. ಆಗ ಒಂದು ಬೆಳಿಗ್ಗೆ ದೊಡ್ಡವಳು ಕೆಲಸಕ್ಕೆ ಹೊರಟು ನೋಡಿದರೆ, ಅಮ್ಮ ಒಲೆಯ ಮುಂದೆ ನಿಂತು, ಒಂದು ಕೈಯಲ್ಲಿ ಮೊಮ್ಮಗನ ಹಾಲು ಆರಿಸುತ್ತ, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಪುಟ್ಟಿಗೆ ಬೈಯುತ್ತಿದ್ದಳು: ಮಾತ್ರೆ ಉಗುಳಿದ್ಯಂತೆ, ಬರ್ತೀನಿ ತಾಳು, ಬಂದು ಮಾಡ್ತೀನಿ ನಿನಗೆ. ದೊಡ್ಡವಳು ಬಾಗಿಲ ಬಳಿ ನಿಂತು ಆ ಬೈಗುಳವನ್ನು ಒಂದಷ್ಟು ಹೊತ್ತು ಕೇಳಿಸಿಕೊಂಡಳು. ಆಮೇಲೆ ಸದ್ದಾಗದಂತೆ ಬಾಗಿಲೆಳೆದುಕೊಂಡು ಡಿಪೋದ ದಾರಿ ಹಿಡಿದಳು.