ಎರಡೂವರೆ ಪಟ್ಟು ಹೆಡ್ ಮೇಡಂ

ಹೆಡ್ ಮೇಡಂ ಅವರ ಮೂಗನ್ನು ಮೊದಲು ಕತ್ತರಿಸಿದವರು ಗಣಿತದ ಮೇಷ್ಟ್ರೇ. ತಾವೇ ರಟ್ಟಿನ ಮೇಲೆ ಬರೆದ ಮೂಗು ನಿಜ, ಆದರೂ ಕತ್ತರಿಸುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿಕೊಂಡರು. ಆಮೇಲೆ ಬಾಯಿ, ಕಣ್ಣು, ಕೊನೆಗೆ ಗಲ್ಲದ ಮೇಲಿನ ಆ ಪುಟ್ಟ ಮಚ್ಚೆ.

"ಬೇರೆ ಯಾರ ಮುಖಾನೂ ಸಿಗಲಿಲ್ವೇನೋ ನಿಂಗೆ?" ಎಂದಳು ಅವರ ಅಕ್ಕ.

"ನೀನೇ ಹೇಳಿದ್ದಲ್ವಾ? ಮಕ್ಕಳು ದಿನಾ ನೋಡೋ ಮುಖ ಇರಬೇಕು, ತಪ್ಪಾದ್ರೆ ಕಣ್ಣಿಗೆ ಹೊಡೀಬೇಕು ಅಂತ."

"ನಿನ್ನ ಮುಖ ಬರ್ಕೊಳ್ತೀಯ ಅಂದ್ಕೊಂಡಿದ್ದೆ ಕಣೋ!"

ಮೇಷ್ಟ್ರಿಗೆ ಅದು ಹೊಳೆದೇ ಇರಲಿಲ್ಲ. ಚಿತ್ರ ಲಕ್ಷಣವಾಗಿ ಬಂದರೆ ಮೇಡಂ ಮನಸ್ಸು ಕರಗೀತು ಎಂಬ ಆಸೆ ಅವರದು. ಹಿಂದಿನ ಪರೀಕ್ಷೆಯಲ್ಲಿ, ಒಬ್ಬ ಹಾಡುಗಾರ ಮೂರು ನಿಮಿಷದಲ್ಲಿ ಹಾಡುವ ಹಾಡನ್ನು ಹತ್ತು ಜನ ಒಟ್ಟಿಗೆ ಹಾಡಲು ಎಷ್ಟು ಹೊತ್ತು ಬೇಕು ಎಂದು ಕೇಳಿದ್ದಕ್ಕೆ ಇಡೀ ಏಳನೇ ತರಗತಿ ಒಕ್ಕೊರಲಿನಿಂದ ಮೂವತ್ತು ನಿಮಿಷ ಎಂದು ಬರೆದಿತ್ತು. ಹೆಡ್ ಮೇಡಂ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಕುಕ್ಕಿ ಹೇಳಿದ್ದರು: "ಸೋಮವಾರ ಬಂದು ನೋಡ್ತೀನಿ. ಹೀಗೇ ಇದ್ರೆ ಈ ತರಗತಿ ಗಣಿತ ಪಿ.ಟಿ. ಮೇಷ್ಟ್ರಿಗೆ. ಅವರು ಮಕ್ಕಳನ್ನ ಮೈದಾನದಲ್ಲಾದ್ರೂ ಓಡಿಸ್ತಾರೆ." ಅಂದಿನಿಂದ ಪಿ.ಟಿ. ಮೇಷ್ಟ್ರು ಜೇಬಿನಲ್ಲಿ ಸೀಟಿಯ ಜೊತೆಗೆ ಚಾಕ್ ಕೂಡ ಇಟ್ಟುಕೊಂಡು ಓಡಾಡುತ್ತಿದ್ದರು.

ಅಕ್ಕನ ಕೆಲಸವೇ ಗಣಿತ ಕಲಿಸುವವರಿಗೆ ಕಲಿಸುವುದು. ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ಚಾಕ್ ಮುಟ್ಟುವುದಿಲ್ಲ, ಉತ್ತರ ಹೇಳುವುದಿಲ್ಲ. ತಮ್ಮನಿಗೂ ಅದೇ ಷರತ್ತು. "ಎರಡೂವರೆ ಪಟ್ಟು ಅಂತ ನೀನು ಬಾಯಿ ಬಿಟ್ಯೋ, ನಾನು ಎದ್ದು ಹೋಗ್ತೀನಿ. ಅವರೇ ಎಡವಲಿ, ಅವರೇ ಏಳಲಿ."

ಸೋಮವಾರ ಬಂತು. ಮೇಷ್ಟ್ರು ಗುಂಪಿಗೊಂದು ತುಂಡು ಹಂಚಿದರು. "ಈ ಬಾಯಿ ನಾಲ್ಕು ಇಂಚು ಅಗಲ ಇದೆ. ಹೊಸ ರಟ್ಟಿನಲ್ಲಿ ಅದು ಹತ್ತು ಇಂಚು ಆಗಬೇಕು. ಮಿಕ್ಕಿದ್ದೆಲ್ಲ ಅದಕ್ಕೆ ಹೊಂದೋ ಹಾಗೆ ದೊಡ್ಡದು ಮಾಡಿ. ಕೊನೆಗೆ ಜೋಡಿಸಿದ್ರೆ ಮೇಡಂ ಥರಾನೇ ಕಾಣಬೇಕು."

ಮಕ್ಕಳು ಪಿಸುಗುಟ್ಟಿದರು, ಅಳೆದರು, ಕತ್ತರಿಸಿದರು. ಯಾರಿಗೂ ಒಂದಿಷ್ಟೂ ಅನುಮಾನವಿರಲಿಲ್ಲ. ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತ ನೋಡಿದರೆ ಎಲ್ಲರ ಲೆಕ್ಕವೂ ಒಂದೇ: ನಾಲ್ಕಕ್ಕೆ ಆರು ಕೂಡಿದರೆ ಹತ್ತು, ಹಾಗಾಗಿ ಎಲ್ಲಕ್ಕೂ ಆರು ಕೂಡು. ಎರಡು ಇಂಚಿನ ಮೂಗು ಎಂಟಾಯಿತು. ಎಂಟು ಇಂಚಿನ ಮುಖ ಹದಿನಾಲ್ಕಾಯಿತು. ಮಚ್ಚೆಯ ಗುಂಪಿನ ಹುಡುಗಿಯರು ಅರ್ಧ ಇಂಚಿಗೆ ಆರು ಕೂಡಿ, ಊಟದ ತಟ್ಟೆಗೆ ತಮ್ಮನಂತಿದ್ದ ಆರೂವರೆ ಇಂಚಿನ ಮಚ್ಚೆಗೆ ಶ್ರದ್ಧೆಯಿಂದ ಕಪ್ಪು ಬಳಿಯುತ್ತಿದ್ದರು.

"ಆರು ಯಾಕೆ ಕೂಡಿದ್ರಿ?" ಮೇಷ್ಟ್ರು ಕೇಳಿದರು.

"ನೀವೇ ಹೇಳ್ಕೊಟ್ಟಿದ್ದು ಸಾರ್! ಸಮೀಕರಣದಲ್ಲಿ ಈ ಕಡೆ ಎಷ್ಟು ಕೂಡ್ತೀವೋ ಆ ಕಡೆನೂ ಅಷ್ಟೇ ಕೂಡಬೇಕು ಅಂತ."

ಹಿಂದಿನ ಬೆಂಚಿನಲ್ಲಿ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು.

ತುಂಡುಗಳು ಕಪ್ಪುಹಲಗೆಯ ಮೇಲೆ ಒಂದೊಂದಾಗಿ ಅಂಟಿಕೊಂಡವು. ಬಾಯಿ ಮುಖದ ಈ ದಡದಿಂದ ಆ ದಡಕ್ಕೆ ಹರಡಿತು. ಮೂಗು ಹಣೆಯಿಂದ ಹೊರಟು ತುಟಿಯ ಮೇಲೆ ಕುಳಿತಿತು. ಕಣ್ಣುಗಳು ಒಂದನ್ನೊಂದು ತಳ್ಳುತ್ತ ಕಿವಿಯ ಆಚೆಗೆ ಇಣುಕಿದವು. ಮಚ್ಚೆ ಗಲ್ಲವನ್ನು ನುಂಗಿ, ಸಾಲದೆಂಬಂತೆ ಕೆಳಗೆ ಜೋತುಬಿತ್ತು. ತರಗತಿ ನಗೆಯಿಂದ ಸಿಡಿಯಿತು. ಒಬ್ಬ ಬೆಂಚಿನಿಂದ ಜಾರಿದ, ಇನ್ನೊಬ್ಬಳಿಗೆ ಬಿಕ್ಕಳಿಕೆ ಹತ್ತಿತು.

"ಏನಿದು?"

ಬಾಗಿಲಲ್ಲಿ ಹೆಡ್ ಮೇಡಂ. ಅವರ ಹಿಂದೆ, ಕೈಯಲ್ಲಿ ಚಾಕ್ ಹಿಡಿದು ಪಿ.ಟಿ. ಮೇಷ್ಟ್ರು.

ನಗು ನಿಂತಿತು, ಬಿಕ್ಕಳಿಕೆ ಮಾತ್ರ ಉಳಿಯಿತು. ಎರಡೂವರೆ ಎಂಬ ಪದ ಮೇಷ್ಟ್ರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಹೇಳಿಬಿಟ್ಟರೆ ತರಗತಿ ಉಳಿಯಬಹುದು. ಅಕ್ಕ ಆಗಲೇ ಬ್ಯಾಗಿಗೆ ಕೈ ಹಾಕಿದ್ದಳು.

ಮೇಷ್ಟ್ರು ಪದವನ್ನು ನುಂಗಿದರು. "ಮಕ್ಕಳೇ, ಮೇಡಂ ಕೇಳ್ತಿದ್ದಾರೆ. ಮುಖಕ್ಕೆ ಏನಾಗಿದೆ?"

ಮಚ್ಚೆಯ ಗುಂಪಿನ ಹುಡುಗಿ ಬೆರಳಿಗೆ ಮೆತ್ತಿದ ಕಪ್ಪನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು. "ಮೇಡಂ, ನಿಮ್ಮ ಮುಖ ಆರು ಇಂಚು ಬೆಳೀತು, ಮಚ್ಚೆನೂ ಆರು ಇಂಚು ಬೆಳೀತು. ಮುಖಕ್ಕೆ ಆರು ಅಂದ್ರೆ ಏನೂ ಅಲ್ಲ. ಪಾಪ, ಮಚ್ಚೆಗೆ ಅದು ತುಂಬಾ ಜಾಸ್ತಿ ಆಯ್ತು."

"ಹಾಗಾದ್ರೆ ಎಷ್ಟು ಬೆಳೀಬೇಕಿತ್ತು?" ಮೇಡಂ ಕೈ ತಾನಾಗಿಯೇ ಗಲ್ಲ ಮುಟ್ಟಿಕೊಂಡಿತು.

"ನಾಲ್ಕು ಹತ್ತಾದ್ರೆ, ಅದರ ಅರ್ಧ ಎರಡು… ಹತ್ತರ ಅರ್ಧ ಐದು!" ಮೂಗಿನ ಗುಂಪಿನವನು ಕೂಗಿದ. "ಮೂಗು ಐದೇ ಇಂಚು ಸಾರ್! ಮೂರು ಇಂಚು ದಂಡ!"

"ಒಂದಕ್ಕೆ ಎರಡೂವರೆ!"

"ಅರ್ಧಕ್ಕೆ ಒಂದೂಕಾಲು! ಮೇಡಂ, ನಿಮ್ಮ ಮಚ್ಚೆ ಒಂದೂಕಾಲು ಇಂಚು ಅಷ್ಟೇ!"

"ಸದ್ಯ!" ಎಂದ ಮೇಡಂ ಮೊದಲ ಬೆಂಚಿನಲ್ಲಿ ಇಬ್ಬರು ಹುಡುಗರ ನಡುವೆ ಒತ್ತರಿಸಿ ಕುಳಿತರು. "ಸರಿ, ಇದನ್ನ ಕಿತ್ತುಹಾಕಿ. ನನ್ನ ಮುಖ ನೆಟ್ಟಗಾಗೋವರೆಗೂ ನಾನು ಏಳಲ್ಲ. ಲೋ, ನಿನ್ನ ಸ್ಕೇಲ್ ಕೊಡೋ ಇಲ್ಲಿ."

ಅಕ್ಕನ ಕೈ ಬ್ಯಾಗಿನಿಂದ ಹೊರಬಂತು. ಅದರಲ್ಲಿ ಒಂದು ಪೆಪ್ಪರ್‌ಮಿಂಟ್ ಇತ್ತು. ಅವಳು ಅದನ್ನು ಬಾಯಿಗೆ ಹಾಕಿಕೊಂಡಳು.

ಪಿ.ಟಿ. ಮೇಷ್ಟ್ರು ಕೆಮ್ಮಿದರು. "ಮೇಡಂ, ಮತ್ತೆ ನನ್ನ ಗಣಿತ?"

"ಅದು ಇವರ ಹತ್ರಾನೇ ಇರಲಿ. ನೀವು ಸ್ವಲ್ಪ ಸ್ಟೋರ್ ರೂಮಿಗೆ ಓಡಿ, ಮುಖಕ್ಕೊಂದು ಹೊಸ ರಟ್ಟು ತನ್ನಿ."

"ಎಷ್ಟು ಉದ್ದದ್ದು?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಇಡೀ ಏಳನೇ ತರಗತಿ, ಬಿಕ್ಕಳಿಸುತ್ತಿದ್ದವಳೂ ಸೇರಿ, ಕಿಟಕಿ ನಡುಗುವಂತೆ ಕಿರುಚಿತು: "ಇಪ್ಪತ್ತು ಇಂಚು!"